ಮನೆಮಂದಿಯೆಲ್ಲ ವೈದ್ಯನ ಮುಂದೆ: ಕುಟುಂಬ ಚಿಕಿತ್ಸೆಯ ಉಗಮ

ಮನಸ್ಸಿನ ರೋಗಕ್ಕೆ ಮಾತನ್ನೇ ಮದ್ದಾಗಿ ಬಳಸಬಹುದೆಂದು ವಿಯೆನ್ನಾ ನಗರದ ಸಿಗ್ಮಂಡ್ ಫ್ರಾಯ್ಡರು ಲೋಕಕ್ಕೆ ತೋರಿಸಿಕೊಟ್ಟಾಗ, ಆ ಚಿಕಿತ್ಸೆಗೆ ಅವರು ವಿಧಿಸಿದ ಕಟ್ಟುಪಾಡುಗಳಲ್ಲಿ ಬಾಗಿಲು ಮುಚ್ಚುವುದೂ ಒಂದಾಗಿತ್ತು. ಒಳಗೆ ರೋಗಿಯೊಬ್ಬ, ವೈದ್ಯನೊಬ್ಬ. ರೋಗಿಯ ತಾಯಿತಂದೆಗಳಾಗಲಿ, ಕೈಹಿಡಿದವರಾಗಲಿ, ಒಡಹುಟ್ಟಿದವರಾಗಲಿ ಆ ಕೋಣೆಯ ಹೊಸ್ತಿಲನ್ನು ದಾಟತಕ್ಕುದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ನೀಡಿದ ಉಪನ್ಯಾಸಮಾಲೆಯಲ್ಲಿ ಅವರು ಈ ನಿಯಮವನ್ನು ಶಸ್ತ್ರವೈದ್ಯದ ದೃಷ್ಟಾಂತದಿಂದ ಸಮರ್ಥಿಸಿಕೊಂಡರು: ರೋಗಿಯ ಬಂಧುಗಳೆಲ್ಲರೂ ಮೇಜಿನ ಸುತ್ತ ನೆರೆದು, ಕತ್ತಿ ತಗುಲಿದಾಗಲೆಲ್ಲ ಹೌಹಾರಿ ಕೂಗಿಕೊಳ್ಳುತ್ತಿದ್ದರೆ ಎಷ್ಟು ಶಸ್ತ್ರಕ್ರಿಯೆಗಳು ಸಫಲವಾದಾವು ಎಂಬುದು ಅವರ ಪ್ರಶ್ನೆಯಾಗಿತ್ತು. ಈ ನಿಷೇಧ ಅರ್ಥಹೀನವಾದುದೆಂದು ನಾನು ಹೇಳಲಾರೆ. ಮನೆಯಲ್ಲಿ ಬಾಯಿಬಿಡಲಾಗದ ಮಾತನ್ನು ಆಡಿಕೊಳ್ಳುವುದಕ್ಕೆ ಮನೆಯವರಿಲ್ಲದ ಒಂದು ಎಡೆ ಮನುಷ್ಯನಿಗೆ ಬೇಕೇ ಬೇಕು. ಆದರೆ ನಿಯಮವು ಶಾಸನವಾಗಿ, ಶಾಸನವು ಶ್ರದ್ಧೆಯಾಗಿ ಬೆಳೆದು, ಮುಂದಿನ ಸುಮಾರು ನಾಲ್ಕು ದಶಕಗಳ ಕಾಲ ರೋಗಿಯ ತಾಯಿಯೊಡನೆ ನಾಲ್ಕು ಮಾತಾಡಿದ ಮನೋವಿಶ್ಲೇಷಕನು ವ್ರತಭಂಗ ಮಾಡಿದವನಂತೆ ಅಳುಕಬೇಕಾದ ಸ್ಥಿತಿ ಉಂಟಾಯಿತು.

ಅದೇ ಫ್ರಾಯ್ಡರು 1909ರಲ್ಲಿ ಪ್ರಕಟಿಸಿದ ಒಂದು ಪ್ರಸಿದ್ಧ ವೃತ್ತಾಂತದಲ್ಲಿ, ಕುದುರೆಗಳಿಗೆ ಹೆದರಿ ಬೀದಿಗಿಳಿಯಲೊಲ್ಲದ ಐದು ವರ್ಷದ ಬಾಲಕನೊಬ್ಬನಿಗೆ ಚಿಕಿತ್ಸೆ ನಡೆಸಿದವನು ಆ ಬಾಲಕನ ತಂದೆಯೇ ಎಂಬುದು ಗಮನಾರ್ಹ. ತಂದೆ ಮಗನ ಮಾತುಗಳನ್ನು ಬರೆದುಕೊಂಡು ಬಂದು ಒಪ್ಪಿಸುವನು, ಫ್ರಾಯ್ಡರು ಅರ್ಥ ಹೇಳಿಕೊಡುವರು. ಚಿಕಿತ್ಸೆಯ ಅವಧಿಯಲ್ಲಿ ಅವರು ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದ್ದು ಒಂದೇ ಒಂದು ಸಲ. ಮಗುವಿನ ಭಯವನ್ನು ಬಿಡಿಸುವ ಕಾರ್ಯ ಮನೆಯೊಳಗಿನವರಿಂದ ಆಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿರಲಿಲ್ಲ. ಆದರೂ ಅವರ ಕಣ್ಣಿದ್ದದ್ದು ಆ ಮಗುವಿನ ಅಂತರಂಗದ ಮೇಲೆ. ತಂದೆ, ತಾಯಿ, ಮಗ ಮೂವರ ನಡುವಿನ ವ್ಯವಹಾರದ ಮೇಲೆ ಅಲ್ಲ.

ಈ ವ್ಯವಹಾರವನ್ನು ಮೊದಲು ಕಂಡವರು ವೈದ್ಯರಲ್ಲ; ಬಡವರ ಮನೆಗಳಿಗೆ ನಡೆದುಹೋಗುತ್ತಿದ್ದ ಸಮಾಜಸೇವಕರು, ಅವರಲ್ಲಿಯೂ ಬಹುಪಾಲು ಸ್ತ್ರೀಯರು. ಅಮೆರಿಕದ ಬಾಲ್ಟಿಮೋರ್, ಫಿಲಡೆಲ್ಫಿಯಾ ನಗರಗಳ ದಾನಸಂಸ್ಥೆಗಳಲ್ಲಿ ದುಡಿದ ಮೇರಿ ರಿಚ್ಮಂಡ್ ಎಂಬಾಕೆ 1917ರಲ್ಲಿ ಪ್ರಕಟಿಸಿದ ‘ಸೋಷಿಯಲ್ ಡಯಾಗ್ನೋಸಿಸ್’ ಎಂಬ ಗ್ರಂಥದಲ್ಲಿ, ಕಷ್ಟಕ್ಕೆ ಸಿಕ್ಕಿದವನನ್ನು ಅವನ ಮನೆತನದಿಂದ ಬೇರ್ಪಡಿಸಿ ನೋಡಿದರೆ ಮಾಡಿದ ಉಪಕಾರವೆಲ್ಲ ಮಣ್ಣುಪಾಲಾಗುವುದೆಂಬ ಅನುಭವವನ್ನು ಶಾಸ್ತ್ರದ ಶಿಸ್ತಿನಿಂದ ನಿರೂಪಿಸಿದರು. ಇದಕ್ಕೂ ಮುನ್ನ, 1909ರಲ್ಲಿ, ವಿಲಿಯಂ ಹೀಲಿ ಎಂಬ ವೈದ್ಯರು ಶಿಕಾಗೋ ನಗರದಲ್ಲಿ ಅಪರಾಧದ ಹಾದಿ ಹಿಡಿದ ಬಾಲಕರ ಪರೀಕ್ಷೆಗೆಂದು ಒಂದು ಸಂಸ್ಥೆಯನ್ನು ತೆರೆದಿದ್ದರು. ಅದರ ಮಾದರಿಯಲ್ಲಿ ಹಬ್ಬಿದ ಬಾಲಮಾರ್ಗದರ್ಶನ ಕೇಂದ್ರಗಳಲ್ಲಿ ವೈದ್ಯರು ಮಗುವನ್ನು ಒಂದು ಕೋಣೆಯಲ್ಲಿಯೂ ಸಮಾಜಸೇವಕಿ ತಾಯಿಯನ್ನು ಮತ್ತೊಂದು ಕೋಣೆಯಲ್ಲಿಯೂ ಕಾಣುವ ಪದ್ಧತಿ ಬೆಳೆಯಿತು. ತಾಯಿಯೂ ಮಗುವೂ ಒಂದೇ ಬಾಗಿಲಿನಿಂದ ಒಳಬಂದು, ಬೇರೆಬೇರೆಯಾಗಿ ಮಾತಾಡಿ, ಮತ್ತೆ ಒಟ್ಟಾಗಿ ಮನೆಗೆ ಮರಳುವರು. ಅವರಿಬ್ಬರ ನಡುವೆ ಏನು ನಡೆಯುತ್ತಿದೆಯೆಂಬುದನ್ನು ಕಣ್ಣಾರೆ ಕಾಣುವವರು ಯಾರೂ ಇಲ್ಲ. ತಂದೆಯಂತೂ ಲೆಕ್ಕಕ್ಕೇ ಬಾರದವನಾಗಿದ್ದನು.

ಆ ಎರಡು ಕೋಣೆಗಳ ನಡುವಣ ಗೋಡೆ ಮೊದಲು ಬಿರುಕುಬಿಟ್ಟದ್ದು ನೇಥನ್ ಅಕರ್ಮನ್ ಎಂಬ ಮನೋವೈದ್ಯರ ಕೈಯಲ್ಲಿ. ರಷ್ಯಾದ ಬೆಸ್ಸರಾಬಿಯಾದಲ್ಲಿ 1908ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆತಾಯಿಗಳೊಡನೆ ಅಮೆರಿಕಕ್ಕೆ ಬಂದ ಅಕರ್ಮನ್ನರು, 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಯ ಊರುಗಳಿಗೆ ಹೋಗಿ, ಕೆಲಸ ಕಳೆದುಕೊಂಡ ಕೂಲಿಗಾರರ ಸಂಸಾರಗಳನ್ನು ಅಭ್ಯಾಸ ಮಾಡಿದರು. ಸಂಪಾದನೆ ತಪ್ಪಿದ ತಂದೆ ಮನೆಯಲ್ಲಿ ತನ್ನ ಸ್ಥಾನವನ್ನೂ ಕಳೆದುಕೊಂಡು ಕುಗ್ಗುವುದು, ಅವನು ಬಿಟ್ಟ ಭಾರ ಹೆಂಡತಿಯ ಮೇಲೋ ದೊಡ್ಡ ಮಗನ ಮೇಲೋ ಬೀಳುವುದು, ಒಬ್ಬನ ಸೋಲು ಎಲ್ಲರ ನಡೆನುಡಿಗಳನ್ನೂ ಪಲ್ಲಟಗೊಳಿಸುವುದು, ಇವುಗಳನ್ನು ಕಂಡಮೇಲೆ ರೋಗವನ್ನು ಒಬ್ಬನ ತಲೆಯೊಳಗೆ ಮಾತ್ರ ಹುಡುಕುವುದು ಅವರಿಗೆ ಸಾಧ್ಯವಾಗಲಿಲ್ಲ. ಕುಟುಂಬವು ಭಾವಬಂಧದಿಂದ ಕೂಡಿದ ಒಂದು ಅಖಂಡ ಘಟಕವೆಂದು ಪ್ರತಿಪಾದಿಸುವ ಲೇಖನವೊಂದನ್ನು ಅವರು ಆ ದಶಕ ಮುಗಿಯುವುದರೊಳಗೇ ಬರೆದರು. ಆಗ ಅದನ್ನು ಓದಿದವರು ಅಲ್ಪಸಂಖ್ಯರು.

ಇನ್ನೊಂದು ಪ್ರಸಂಗವಂತೂ ವಿಜ್ಞಾನದ ಇತಿಹಾಸದಲ್ಲಿ ಅಪರೂಪವಾದುದು. ಲಂಡನ್ನಿನ ಟಾವಿಸ್ಟಾಕ್ ಚಿಕಿತ್ಸಾಲಯದಲ್ಲಿ ಜಾನ್ ಬೌಲ್ಬಿ ಎಂಬ ಮನೋವೈದ್ಯರು, ಎರಡು ವರ್ಷ ಚಿಕಿತ್ಸೆ ನಡೆಸಿಯೂ ಮುಂದೆ ಹೆಜ್ಜೆಯಿಡದ ಹದಿಹರೆಯದ ಹುಡುಗನೊಬ್ಬನನ್ನು ತಾಯಿತಂದೆಗಳ ಜೊತೆಯಲ್ಲಿಯೇ ಕೂರಿಸಿ ಮಾತಾಡಿಸಿದ ಪ್ರಯೋಗವನ್ನು 1949ರಲ್ಲಿ ಪ್ರಕಟಪಡಿಸಿದ್ದರು. ಬೌಲ್ಬಿಯವರಿಗೆ ಅದು ನಿಂತುಹೋದ ಬಂಡಿಯನ್ನು ನೂಕುವ ಸಹಾಯಕ ಉಪಾಯವೇ ಹೊರತು ಹೊಸ ಪದ್ಧತಿಯಲ್ಲ. ಉಳಿದಂತೆ ಅವರು ಒಬ್ಬೊಬ್ಬರನ್ನೇ ಕಾಣುತ್ತಿದ್ದರು. 1951ರಲ್ಲಿ ಲಂಡನ್ನಿಗೆ ಬಂದಿದ್ದ, ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಜಾನ್ ಎಲ್ಡರ್ಕಿನ್ ಬೆಲ್ ಎಂಬವರು ಈ ಸುದ್ದಿಯನ್ನು ಅಲ್ಲಿನವರ ಬಾಯಿಂದ ಕೇಳಿ, ಬೌಲ್ಬಿಯವರು ಮೊದಲಿನಿಂದ ಕೊನೆಯವರೆಗೂ ಮನೆಮಂದಿಯನ್ನೆಲ್ಲ ಒಟ್ಟಾಗಿ ಕೂರಿಸಿಯೇ ಚಿಕಿತ್ಸೆ ಮಾಡುತ್ತಾರೆಂದು ಭಾವಿಸಿಕೊಂಡರು. ಹಾಗೆ ಭಾವಿಸಿಕೊಂಡೇ ಸ್ವದೇಶಕ್ಕೆ ಮರಳಿ, ಲಂಡನ್ನಿನಲ್ಲಿ ನಡೆಯುತ್ತಿದ್ದುದೆಂದು ತಾವು ನಂಬಿದ್ದ, ವಸ್ತುತಃ ಎಲ್ಲಿಯೂ ನಡೆಯದಿದ್ದ ಆ ಪದ್ಧತಿಯನ್ನು ಧೈರ್ಯದಿಂದ ಆಚರಿಸತೊಡಗಿದರು, ಅದು ಫಲಿಸಿತು. ಆ ಅನುಭವವನ್ನು ಅವರು 1961ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ತಾನೊಬ್ಬನೇ ಇಂಥ ಸಾಹಸಕ್ಕೆ ಕೈಹಾಕುತ್ತಿದ್ದೇನೆಂಬ ಅರಿವಿದ್ದಿದ್ದರೆ ಅವರ ಕೈ ನಡುಗುತ್ತಿತ್ತೋ ಏನೋ. ಹಿರಿಯರೊಬ್ಬರು ಆಗಲೇ ನಡೆದ ದಾರಿಯೆಂಬ ನಂಬಿಕೆಯೇ ಅವರಿಗೆ ಬಲವಾಯಿತೆಂದು ತೋರುತ್ತದೆ.

ಆದರೆ ಈ ಬಿಡಿ ಪ್ರಯತ್ನಗಳು ಒಂದು ಪಂಥವಾಗಿ ಕೂಡಿಕೊಂಡದ್ದು ಮಕ್ಕಳ ಹಟ, ಭಯಗಳ ನಿಮಿತ್ತದಿಂದಲ್ಲ. ಮನೋರೋಗಗಳಲ್ಲಿ ಅತಿ ದಾರುಣವಾದ ಸ್ಕಿಜೋಫ್ರೀನಿಯಾದ ನಿಮಿತ್ತದಿಂದ. 1950ರ ದಶಕದ ನಡುವೆ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಮಿಕ್ಕ ರೋಗಿಗಳಿದ್ದರು. ಅವರಲ್ಲಿ ಅನೇಕರು ಯೌವನದಲ್ಲಿ ಒಳಹೊಕ್ಕು ಮುಪ್ಪಿನವರೆಗೂ ಹೊರಬಾರದವರು. ಕ್ಲೋರ್‌ಪ್ರೊಮಝಿನ್ ಎಂಬ ಮೊದಲ ಪರಿಣಾಮಕಾರಿ ಔಷಧಿ ಅಲ್ಲಿ ಬಳಕೆಗೆ ಬಂದದ್ದು 1954ರಲ್ಲಿ. ಹೀಗೆ ಕೈಯಲ್ಲಿ ಮದ್ದಿಲ್ಲದ, ಇದ್ದರೂ ಅದು ಆಗತಾನೆ ಬಂದ ಕಾಲದಲ್ಲಿ, ವಾರ್ಡುಗಳಲ್ಲಿ ದುಡಿಯುತ್ತಿದ್ದ ಕೆಲವು ತರುಣ ವೈದ್ಯರು ಒಂದು ಸಂಗತಿಯನ್ನು ಮತ್ತೆ ಮತ್ತೆ ಕಂಡರು: ಶಾಂತನಾಗಿದ್ದ ರೋಗಿ ಮನೆಯವರು ಬಂದುಹೋದ ಸಂಜೆಯೇ ಕೆರಳುವನು, ಗುಣವಾಗಿ ಮನೆಗೆ ಹೋದವನು ಕೆಲವೇ ವಾರಗಳಲ್ಲಿ ಮರಳುವನು, ಇದಕ್ಕಿಂತ ವಿಚಿತ್ರವಾಗಿ, ರೋಗಿ ಚೇತರಿಸಿಕೊಂಡಂತೆಲ್ಲ ಮನೆಯಲ್ಲಿ ಇನ್ನೊಬ್ಬರು ಹಾಸಿಗೆ ಹಿಡಿಯುವರು.

ಇದಕ್ಕೆ ತತ್ತ್ವದ ಚೌಕಟ್ಟನ್ನು ಒದಗಿಸಿದವರು ವೈದ್ಯರಲ್ಲದ ಒಬ್ಬ ಮನುಷ್ಯವಿಜ್ಞಾನಿ. ಗ್ರೆಗರಿ ಬೇಟ್ಸನ್ ಇಂಗ್ಲೆಂಡಿನಲ್ಲಿ 1904ರಲ್ಲಿ ಜನಿಸಿದರು; ತಂದೆ ವಿಲಿಯಂ ಬೇಟ್ಸನ್ ಆನುವಂಶಿಕ ಶಾಸ್ತ್ರದ ಪ್ರವರ್ತಕರಲ್ಲೊಬ್ಬರಾಗಿದ್ದು, ಆ ಶಾಸ್ತ್ರದ ಮೂಲಪುರುಷ ಗ್ರೆಗರ್ ಮೆಂಡೆಲ್ ಮಹಾಶಯರ ಹೆಸರನ್ನೇ ಮಗನಿಗೆ ಇಟ್ಟರು. ಮಗನು ಕುಲವಿದ್ಯೆಯನ್ನು ಬಿಟ್ಟು ನ್ಯೂಗಿನಿ ದ್ವೀಪದ ಇಯಾಟ್ಮುಲ್ ಜನರ ನಡುವೆ ಹೋಗಿ ನೆಲಸಿದರು. ಅಲ್ಲಿ ಅವರ ಮನಸ್ಸನ್ನು ಹಿಡಿದದ್ದು ಇದು: ಒಬ್ಬನ ಬಡಾಯಿ ಇನ್ನೊಬ್ಬನ ಬಡಾಯಿಯನ್ನು ಕೆಣಕುತ್ತದೆ, ಅದು ಮೊದಲಿನವನನ್ನು ಇನ್ನಷ್ಟು ಕೆರಳಿಸುತ್ತದೆ, ಅಥವಾ ಒಬ್ಬನ ದರ್ಪ ಇನ್ನೊಬ್ಬನ ದೈನ್ಯವನ್ನು ಹೆಚ್ಚಿಸುತ್ತದೆ, ಆ ದೈನ್ಯ ದರ್ಪವನ್ನು ಮತ್ತೂ ಬೆಳೆಸುತ್ತದೆ. ಹೀಗಿರುವಲ್ಲಿ ತಪ್ಪು ಯಾರದೆಂದು ಕೇಳುವುದೇ ವ್ಯರ್ಥ, ಅದು ಇಬ್ಬರ ನಡುವಣ ಸುತ್ತಿನಲ್ಲಿದೆ. ಈ ವಿಚಾರವನ್ನು 1936ರಲ್ಲಿ ‘ನಾವೆನ್’ ಎಂಬ ಗ್ರಂಥದಲ್ಲಿ ವಿಸ್ತರಿಸಿದ ಅವರು, ಎರಡನೆಯ ಮಹಾಯುದ್ಧ ಮುಗಿದೊಡನೆ ನ್ಯೂಯಾರ್ಕಿನಲ್ಲಿ ಮೇಸಿ ಪ್ರತಿಷ್ಠಾನದವರು ನಡೆಸಿದ ವಿದ್ವದ್ಗೋಷ್ಠಿಗಳಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್ ಮೊದಲಾದವರೊಡನೆ ಕೂಡಿದರು. ಯುದ್ಧದಲ್ಲಿ ವಿಮಾನಗಳನ್ನು ಹೊಡೆದುರುಳಿಸುವ ತೋಪುಗಳ ಗುರಿಯನ್ನು ಕುರಿತು ಕೆಲಸಮಾಡಿದ್ದ ವೀನರರು, ಯಂತ್ರವು ತನ್ನ ಕ್ರಿಯೆಯ ಫಲವನ್ನು ತಾನೇ ತಿಳಿದು ಮುಂದಿನ ಕ್ರಿಯೆಯನ್ನು ತಿದ್ದಿಕೊಳ್ಳುವ ಬಗೆಯನ್ನು ವಿವರಿಸಿ 1948ರಲ್ಲಿ ‘ಸೈಬರ್ನೆಟಿಕ್ಸ್’ ಎಂಬ ಗ್ರಂಥವನ್ನು ಬರೆದರು. ನ್ಯೂಗಿನಿಯ ಬಡಾಯಿಗೂ ತೋಪಿನ ಗುರಿಗೂ ಸಮಾನವಾದ ನ್ಯಾಯವೊಂದನ್ನು ಬೇಟ್ಸನ್ನರು ಅಲ್ಲಿ ಕಂಡರು. ಕುಟುಂಬ ಚಿಕಿತ್ಸೆಯ ಮೂಲ ಪರಿಕಲ್ಪನೆಗಳು ಇಷ್ಟು ದೂರದ ಎರಡು ನೆಲೆಗಳಿಂದ ಹರಿದುಬಂದುವೆಂಬುದನ್ನು ನೆನೆದಾಗಲೆಲ್ಲ ನನಗೆ ವಿಸ್ಮಯವಾಗುತ್ತದೆ.

1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಧನಸಹಾಯ ಪಡೆದು, ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಪರಿಸರದಲ್ಲಿದ್ದ ಮಾಜಿ ಸೈನಿಕರ ಆಸ್ಪತ್ರೆಯನ್ನು ನೆಲೆಮಾಡಿಕೊಂಡು, ಜೇ ಹೇಲಿ, ಜಾನ್ ವೀಕ್‌ಲಂಡ್, ವಿಲಿಯಂ ಫ್ರೈ ಎಂಬವರೊಡನೆ ಬೇಟ್ಸನ್ನರು ಆರಂಭಿಸಿದ ಸಂಶೋಧನೆಗೆ ರೋಗವು ವಸ್ತುವಾಗಿರಲಿಲ್ಲ. ಮಾತಿನೊಳಗಣ ವಿರೋಧವು ವಸ್ತುವಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೋ ನಗರದ ಮೃಗಾಲಯದಲ್ಲಿ ಎರಡು ಮರಿಕೋತಿಗಳು ಕಚ್ಚಾಡುವುದನ್ನು ಅವರು ನೋಡುತ್ತ ನಿಂತರು. ಕಚ್ಚುತ್ತಿವೆ, ಆದರೆ ಅದು ಜಗಳವಲ್ಲ; ಇದು ಆಟವೆಂದು ಅವೆರಡೂ ಒಂದಕ್ಕೊಂದು ಹೇಗೋ ತಿಳಿಸಿಕೊಳ್ಳುತ್ತಿವೆ. ಹಾಗಾದರೆ ಆಡಿದ ಮಾತಿನ ಮೇಲೆ, ಆ ಮಾತನ್ನು ಹೇಗೆ ತೆಗೆದುಕೊಳ್ಳಬೇಕೆಂದು ಹೇಳುವ ಇನ್ನೊಂದು ಮಾತು ಯಾವಾಗಲೂ ಇರುತ್ತದೆ; ಧ್ವನಿಯಲ್ಲಿ, ಮುಖದಲ್ಲಿ, ಮೈಯ ಭಂಗಿಯಲ್ಲಿ. ಇವೆರಡೂ ಒಂದಕ್ಕೊಂದು ವಿರುದ್ಧವಾಗಿದ್ದರೆ ಕೇಳುವವನ ಗತಿಯೇನು?

1954ರಲ್ಲಿ ಡಾನ್ ಜ್ಯಾಕ್ಸನ್ ಎಂಬ ಮನೋವೈದ್ಯರು ಜೊತೆಗೂಡಿದ ತರುವಾಯ ಈ ಪ್ರಶ್ನೆ ಸ್ಕಿಜೋಫ್ರೀನಿಯಾದ ಕಡೆಗೆ ತಿರುಗಿ, 1956ರಲ್ಲಿ ಬೇಟ್ಸನ್, ಜ್ಯಾಕ್ಸನ್, ಹೇಲಿ, ವೀಕ್‌ಲಂಡ್ ನಾಲ್ವರ ಹೆಸರಿನಲ್ಲಿ ಸುಪ್ರಸಿದ್ಧವಾದ ಪ್ರಬಂಧವೊಂದು ಹೊರಬಂದಿತು. ಅದರಲ್ಲಿ ಅವರು ವಿವರಿಸಿರುವ ಒಂದು ದೃಶ್ಯವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಬಹುಮಟ್ಟಿಗೆ ಚೇತರಿಸಿಕೊಂಡ ತರುಣನೊಬ್ಬನನ್ನು ನೋಡಲು ತಾಯಿ ಆಸ್ಪತ್ರೆಗೆ ಬರುತ್ತಾಳೆ. ಸಂತೋಷದಿಂದ ಅವನು ಅವಳ ಹೆಗಲ ಮೇಲೆ ಕೈಹಾಕುತ್ತಾನೆ. ಅವಳ ಮೈ ಸೆಡೆತುಕೊಳ್ಳುತ್ತದೆ. ಅವನು ಕೈ ಹಿಂದೆಗೆಯುತ್ತಾನೆ. ನಿನಗೆ ನನ್ನ ಮೇಲೆ ಪ್ರೀತಿ ಹೋಯಿತೇ ಎಂದು ಅವಳು ಕೇಳುತ್ತಾಳೆ. ಅವನ ಮುಖ ಕೆಂಪೇರುತ್ತದೆ. ಭಾವನೆಗಳಿಗೆ ಹೀಗೆ ನಾಚಿ ಹೆದರಬಾರದೆಂದು ಅವಳು ಬುದ್ಧಿ ಹೇಳುತ್ತಾಳೆ. ಕೆಲವು ನಿಮಿಷಗಳಿಗಿಂತ ಹೆಚ್ಚು ಹೊತ್ತು ಅವಳ ಬಳಿ ಇರಲಾರದೆ ಹೋದ ಆ ತರುಣ, ಅವಳು ಹೊರಟಮೇಲೆ ಆಸ್ಪತ್ರೆಯ ಪರಿಚಾರಕನೊಬ್ಬನ ಮೇಲೆ ಬೀಳುತ್ತಾನೆ. ಅತ್ತ ದರಿ ಇತ್ತ ಪುಲಿ ಎನ್ನುವಾಗ ದರಿ ಯಾವುದು, ಪುಲಿ ಯಾವುದು ಎಂಬುದಾದರೂ ಕಣ್ಣಿಗೆ ಕಾಣುತ್ತದೆ. ಇಲ್ಲಿ ಕೈಹಾಕಿದರೂ ತಪ್ಪು, ತೆಗೆದರೂ ತಪ್ಪು, ತಪ್ಪೆಂದು ತೋರುತ್ತಿದೆಯೆಂದು ಬಾಯಿಬಿಟ್ಟರೆ ಅದೂ ತಪ್ಪು. ಬಿಟ್ಟುಹೋಗೋಣವೆಂದರೆ ಹೆತ್ತ ತಾಯಿ. ಈ ನಿರ್ಬಂಧಕ್ಕೆ ಅವರು ‘ಡಬಲ್ ಬೈಂಡ್’ ಎಂದು ಹೆಸರಿಟ್ಟು, ಇಂಥದರಲ್ಲಿಯೇ ಬೆಳೆದ ಮಗುವಿಗೆ ಮಾತಿನ ಅರ್ಥಸ್ತರಗಳನ್ನು ವಿವೇಚಿಸುವ ಶಕ್ತಿ ಕುಂದಿ, ಸ್ಕಿಜೋಫ್ರೀನಿಯಾದ ಮಾತಿನ ಅಸಂಬದ್ಧತೆ ಹುಟ್ಟಿಕೊಳ್ಳಬಹುದೆಂದು ಊಹಿಸಿದರು. ಊಹೆಯೆಂದೇ ಅವರು ಹೇಳಿದ್ದರು. ಓದಿದವರಲ್ಲಿ ಬಹುಮಂದಿ ಅದನ್ನು ಸಿದ್ಧಾಂತವೆಂದು ಸ್ವೀಕರಿಸಿದರು.

ಜ್ಯಾಕ್ಸನ್ನರು ಇದರೊಡನೆ ಇನ್ನೊಂದು ಕಾಣ್ಕೆಯನ್ನು ಸೇರಿಸಿದರು. ಶರೀರವು ತನ್ನ ಉಷ್ಣವನ್ನು ಒಂದೇ ಮಟ್ಟದಲ್ಲಿ ಕಾಪಾಡಿಕೊಳ್ಳುವಂತೆ ಕುಟುಂಬವೂ ತನ್ನ ಸಮತೋಲವನ್ನು ಕಾಪಾಡಿಕೊಳ್ಳುತ್ತದೆ. ಒಬ್ಬರ ರೋಗವೇ ಆ ಸಮತೋಲದ ಆಧಾರವಾಗಿದ್ದ ಪಕ್ಷದಲ್ಲಿ, ರೋಗಿ ಗುಣವಾದಾಗ ಮನೆ ಅಲುಗಾಡುತ್ತದೆ. 1950ರ ದಶಕದ ಕೊನೆಗೆ ಅವರು ಪಾಲೋ ಆಲ್ಟೋದಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಗೆ ವರ್ಜೀನಿಯಾ ಸಟೈರ್ ಎಂಬ ಸಮಾಜಸೇವಕಿ ಬಂದು ಸೇರಿದರು. ಶಿಕಾಗೋದಲ್ಲಿ ತರುಣಿಯೊಬ್ಬಳಿಗೆ ಚಿಕಿತ್ಸೆ ನಡೆಸುತ್ತಿದ್ದಾಗ ಅವಳ ತಾಯಿಯನ್ನೂ, ಆಮೇಲೆ ತಂದೆಯನ್ನೂ, ಅಣ್ಣನನ್ನೂ ಕರೆಸಿಕೊಂಡು, ಒಬ್ಬೊಬ್ಬರು ಒಳಬಂದಾಗಲೂ ಆಗಲೇ ಸರಿಹೋಗಿತ್ತೆಂದುಕೊಂಡದ್ದು ಮತ್ತೆ ಕೆಡುವುದನ್ನು ಕಂಡಿದ್ದ ಆಕೆ, ಈ ವಿದ್ವಾಂಸರ ನಡುವೆ ಮಮತೆಯ ಮಾತನ್ನು ಎತ್ತಿಹಿಡಿದವರು. 1964ರಲ್ಲಿ ಬಂದ ಅವರ ‘ಕಂಜಾಯಿಂಟ್ ಫ್ಯಾಮಿಲಿ ಥೆರಪಿ’ ಬಹುಕಾಲ ವಿದ್ಯಾರ್ಥಿಗಳ ಕೈಪಿಡಿಯಾಗಿತ್ತು. ಬೇಟ್ಸನ್ನರು ಮಾತ್ರ ಚಿಕಿತ್ಸೆಯ ಉತ್ಸಾಹದಿಂದ ದೂರಸರಿದು, 1962ರಲ್ಲಿ ತಮ್ಮ ಯೋಜನೆ ಮುಗಿದಮೇಲೆ ಡಾಲ್ಫಿನ್‌ಗಳ ಸಂಭಾಷಣೆಯನ್ನು ಅಭ್ಯಾಸ ಮಾಡಲು ಹೊರಟುಹೋದರು.

ಪಾಲೋ ಆಲ್ಟೋದವರು ಮಾತನ್ನು ಆಲಿಸಿದರೆ, ಅಮೆರಿಕದ ಪೂರ್ವತೀರದಲ್ಲಿ ಮರ್ರೀ ಬೋವೆನ್ ಎಂಬ ವೈದ್ಯರು ಮನೆಯನ್ನೇ ಆಸ್ಪತ್ರೆಗೆ ತಂದರು. ಟೆನೆಸ್ಸಿಯ ಸಣ್ಣ ಊರೊಂದರಲ್ಲಿ 1913ರಲ್ಲಿ ಹುಟ್ಟಿ, ಯುದ್ಧದಲ್ಲಿ ಸೈನ್ಯದ ವೈದ್ಯರಾಗಿದ್ದು, ಕಾನ್ಸಾಸಿನ ಮೆನ್ನಿಂಗರ್ ಚಿಕಿತ್ಸಾಲಯದಲ್ಲಿ ಮನೋವಿಶ್ಲೇಷಣೆಯ ಶಿಕ್ಷಣ ಪಡೆದಿದ್ದ ಬೋವೆನ್ನರು, 1954ರಲ್ಲಿ ಬೆಥೆಸ್ಡಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಗೆ ಬಂದು, ಮೊದಲು ರೋಗಗ್ರಸ್ತ ಹೆಣ್ಣುಮಕ್ಕಳನ್ನೂ ಅವರ ತಾಯಂದಿರನ್ನೂ ವಾರ್ಡಿನಲ್ಲಿ ಒಟ್ಟಿಗೆ ಇರಿಸಿದರು. ತಾಯಿಯ ಆತಂಕ ಮಗಳಿಗೂ ಮಗಳ ಆತಂಕ ತಾಯಿಗೂ ಹರಿಯುವುದು ಎಷ್ಟು ಶೀಘ್ರವೆಂದರೆ, ಅದು ಯಾರಲ್ಲಿ ಹುಟ್ಟಿತೆಂದು ಹೇಳುವುದೇ ಕಷ್ಟವಾಯಿತು. ಸ್ವಲ್ಪಕಾಲದಲ್ಲಿಯೇ, ಇದು ಇಬ್ಬರ ನಂಟಲ್ಲ, ಇಡೀ ಮನೆಯ ನಂಟಿನ ಒಂದು ತುಣುಕು ಎಂದು ಮನಗಂಡ ಅವರು ತಂದೆಯರನ್ನೂ ಒಡಹುಟ್ಟುಗಳನ್ನೂ ಕರೆತಂದು, ತಿಂಗಳುಗಟ್ಟಲೆ ಅಲ್ಲಿಯೇ ಬಾಳ್ವೆ ಮಾಡಿಸಿದರು. ಅಂಥ ಕುಟುಂಬಗಳ ಸಂಖ್ಯೆ ದೊಡ್ಡದಲ್ಲ. ಆದರೆ ಹಗಲಿರುಳು ಕಾಣುವುದರಿಂದ ದೊರೆತ ತಿಳಿವಳಿಕೆ ವಾರಕ್ಕೊಂದು ಗಂಟೆಯ ಭೇಟಿಯಿಂದ ದೊರೆಯುವಂಥದಲ್ಲ. ಬಾಲಮಾರ್ಗದರ್ಶನ ಕೇಂದ್ರಗಳಲ್ಲಿ ಅದೃಶ್ಯನಾಗಿದ್ದ ತಂದೆ ಇಲ್ಲಿ ಮೊದಲಸಲ ಕಣ್ಣಿಗೆ ಬಿದ್ದನು: ಒಂದೇ ಸೂರಿನಡಿ ಇದ್ದೂ ಹೆಂಡತಿಯಿಂದ ಮನಸಾ ದೂರವಾಗಿ, ಮಗುವಿನ ರೋಗದ ವಿಷಯ ಬಂದಾಗ ಮಾತ್ರ ಅವಳೊಡನೆ ಮಾತಾಡುವವನು. ಇಬ್ಬರ ನಡುವೆ ಬಿಗುಪು ಹೆಚ್ಚಿದಾಗ ಮೂರನೆಯವರನ್ನು ಎಳೆದುಕೊಂಡು ಅದನ್ನು ಇಳಿಸಿಕೊಳ್ಳುವ ಮನುಷ್ಯಸ್ವಭಾವವನ್ನು ಬೋವೆನ್ನರು ತ್ರಿಕೋನವೆಂದು ಕರೆದರು. ವಾರ್ಡಿನ ದಾದಿಯರೂ ವೈದ್ಯರೂ ಸಹ ತಮಗರಿಯದೆ ಒಬ್ಬೊಬ್ಬರ ಪಕ್ಷ ಹಿಡಿದು ಈ ತ್ರಿಕೋನಗಳೊಳಗೆ ಸಿಕ್ಕಿಕೊಳ್ಳುತ್ತಿದ್ದರು.

ಇದು ನನ್ನ ಮನೆಯಲ್ಲಿಯೂ ನಡೆಯುವುದಲ್ಲವೆ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳದೆ ಇದ್ದುದೇ ಬೋವೆನ್ನರ ಹಿರಿಮೆ. 1967ರಲ್ಲಿ ಫಿಲಡೆಲ್ಫಿಯಾದ ವಿದ್ವತ್ಸಭೆಯೊಂದರಲ್ಲಿ, ಸಿದ್ಧಾಂತವನ್ನು ಕುರಿತ ಪ್ರಬಂಧವನ್ನು ನಿರೀಕ್ಷಿಸಿ ಕುಳಿತಿದ್ದವರ ಮುಂದೆ ಅವರು ತಾವು ಟೆನೆಸ್ಸಿಯ ತಮ್ಮ ತವರಿಗೆ ಹೋಗಿ, ತಂದೆತಾಯಿ ಒಡಹುಟ್ಟುಗಳ ನಡುವಣ ಹಳೆಯ ತ್ರಿಕೋನಗಳಿಂದ ಬಿಡಿಸಿಕೊಳ್ಳಲು ಮಾಡಿದ ಪ್ರಯತ್ನವನ್ನು ವಿವರಿಸಿದರು. 1972ರಲ್ಲಿ ಅದು ಅಚ್ಚಾದಾಗ ಲೇಖಕನ ಹೆಸರಿರಲಿಲ್ಲ. ಅಂದಿನಿಂದ ಅವರ ಶಿಷ್ಯರು ತಂತಮ್ಮ ಊರುಗಳಿಗೆ ಹೋಗಿ ಇದೇ ಸಾಧನೆಯನ್ನು ಮಾಡತೊಡಗಿದರು.

ಇವರೆಲ್ಲ ಬಹುಕಾಲ ಒಬ್ಬರನ್ನೊಬ್ಬರು ಅರಿಯದೆ ದುಡಿದವರು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಥಿಯೊಡೋರ್ ಲಿಡ್ಸ್, ಅಟ್ಲಾಂಟಾದಲ್ಲಿ ಕಾರ್ಲ್ ವಿಟೇಕರ್, ಬೆಥೆಸ್ಡಾದಲ್ಲಿಯೇ ಲೈಮನ್ ವಿನ್, ನ್ಯೂಯಾರ್ಕಿನಲ್ಲಿ ಅಕರ್ಮನ್, ಹೀಗೆ ಬೇರೆಬೇರೆ ಎಡೆಗಳಲ್ಲಿ, ಗುರುಗಳ ಅಸಮ್ಮತಿಗೆ ಅಂಜಿ ಬಹಳಷ್ಟು ಮಂದಿ ಗುಟ್ಟಾಗಿಯೇ ಕುಟುಂಬಗಳನ್ನು ಕಾಣುತ್ತಿದ್ದರು. 1957ರ ವಸಂತದಲ್ಲಿ ಶಿಕಾಗೋದಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಅವರಲ್ಲಿ ಕೆಲವರು ಒಂದೇ ವೇದಿಕೆಯ ಮೇಲೆ ಬಂದಾಗ ಗುಟ್ಟು ಬಯಲಾಯಿತು. 1962ರಲ್ಲಿ ಅಕರ್ಮನ್, ಜ್ಯಾಕ್ಸನ್ನರ ಸಹಯೋಗದಿಂದ, ಹೇಲಿಯವರ ಸಂಪಾದಕತ್ವದಲ್ಲಿ ‘ಫ್ಯಾಮಿಲಿ ಪ್ರೊಸೆಸ್’ ಎಂಬ ಪತ್ರಿಕೆ ಹೊರಟಿತು. ಮುಚ್ಚಿದ ಕೋಣೆಯ ಗೋಡೆಯಲ್ಲಿ ಒಂದೇ ಕಡೆಯಿಂದ ಕಾಣುವ ಕನ್ನಡಿ ಬಂದು, ಅದರ ಹಿಂದೆ ಸಹೋದ್ಯೋಗಿಗಳು ಕುಳಿತು ಚಿಕಿತ್ಸೆಯನ್ನು ಪ್ರತ್ಯಕ್ಷ ನೋಡುವುದು, ಮಾತನ್ನು ಧ್ವನಿಮುದ್ರಿಸಿ ಮತ್ತೆ ಮತ್ತೆ ಕೇಳುವುದು ವಾಡಿಕೆಯಾಯಿತು. ಚಿಕಿತ್ಸಕನು ಏನು ಮಾಡುತ್ತಾನೆಂಬುದನ್ನು ಅವನ ಮಾತಿನ ಮೇಲೆಯೇ ನಂಬಬೇಕಾಗಿದ್ದ ಶಾಸ್ತ್ರದಲ್ಲಿ ಇದು ಸಾಮಾನ್ಯ ಕ್ರಾಂತಿಯಲ್ಲ.

ಸಾಲ್ವಡಾರ್ ಮಿನೂಚಿನ್ ಎಂಬವರು ಈ ವಿದ್ಯೆಯನ್ನು ಅನುಕೂಲವಂತರ ಮನೆಗಳಿಂದ ಬಡವರ ಮನೆಗಳಿಗೆ ಒಯ್ದರು. ಅರ್ಜೆಂಟೀನಾದ ಹಳ್ಳಿಗಾಡಿನ ಯೆಹೂದಿ ಕುಟುಂಬವೊಂದರಲ್ಲಿ 1921ರಲ್ಲಿ ಹುಟ್ಟಿದ ಇವರು, ನ್ಯೂಯಾರ್ಕ್ ಪ್ರಾಂತ್ಯದ ವಿಲ್ಟ್‌ವಿಕ್ ಎಂಬ ಶಾಲೆಯಲ್ಲಿ, ಹಾರ್ಲೆಮ್ಮಿನಂಥ ಕೇರಿಗಳಿಂದ ಬಂದ ದಾರಿತಪ್ಪಿದ ಬಾಲಕರ ವೈದ್ಯರಾಗಿದ್ದರು. ಶಾಲೆಯಲ್ಲಿದ್ದಷ್ಟು ದಿನ ಸರಿಹೋದ ಹುಡುಗರು ಮನೆ ಸೇರಿದೊಡನೆ ಮತ್ತೆ ಮೊದಲಿನಂತಾಗುವುದನ್ನು ಕಂಡು, ತಮ್ಮ ಸಂಗಡಿಗರೊಡನೆ ಮನೆಯವರನ್ನೆಲ್ಲ ಕರೆಸಿ ಮಾತಾಡಿಸತೊಡಗಿದರು. ಒಳನೋಟ, ಸ್ವಪ್ನಾರ್ಥ ಎಂದು ಕುಳಿತು ಚರ್ಚಿಸುವ ಪುರಸೊತ್ತು ಆ ಮನೆಗಳಿಗಿರಲಿಲ್ಲ. ಆದುದರಿಂದ ಮಿನೂಚಿನ್ನರು ಮಾತಿಗಿಂತ ಕ್ರಿಯೆಗೆ ಪ್ರಾಧಾನ್ಯವಿತ್ತು, ಯಾರು ಯಾರ ಪಕ್ಕದಲ್ಲಿ ಕುಳಿತಿದ್ದಾರೆ, ಯಾರ ಮಾತನ್ನು ಯಾರು ತಡೆಯುತ್ತಾರೆ, ತಾಯಿಯ ಅಧಿಕಾರವನ್ನು ಹಿರಿಯ ಮಗನು ಹೇಗೆ ವಹಿಸಿಕೊಂಡಿದ್ದಾನೆ ಎಂಬುದನ್ನು ನೋಡಿ, ಕುರ್ಚಿಗಳನ್ನು ಆಚೀಚೆ ಸರಿಸುವುದರಿಂದಲೇ ಚಿಕಿತ್ಸೆಯನ್ನು ಆರಂಭಿಸುವ ಕ್ರಮವನ್ನು ರೂಪಿಸಿದರು. ಅಲ್ಲಿನ ಅನುಭವ 1967ರಲ್ಲಿ ‘ಫ್ಯಾಮಿಲೀಸ್ ಆಫ್ ದಿ ಸ್ಲಮ್ಸ್’ ಎಂಬ ಗ್ರಂಥವಾಯಿತು. ಆ ಶಾಲೆಯನ್ನು ಬಿಟ್ಟ ಬಳಿಕ ಫಿಲಡೆಲ್ಫಿಯಾದ ಬಾಲಚಿಕಿತ್ಸಾ ಕೇಂದ್ರದ ಮುಖ್ಯಸ್ಥರಾಗಿ, ಹೇಲಿಯವರನ್ನೂ ಜೊತೆಗೆ ಕರೆದುಕೊಂಡು, ಪದವಿಯಿಲ್ಲದ ಅದೇ ಕೇರಿಗಳ ಸ್ತ್ರೀಪುರುಷರಿಗೆ ತರಬೇತಿ ಕೊಟ್ಟು ಚಿಕಿತ್ಸಕರನ್ನಾಗಿ ಮಾಡಿದರು. ಈ ಇತಿಹಾಸದಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ಇದು.

ಇನ್ನು ಅಪ್ರಿಯವಾದುದನ್ನು ಹೇಳಬೇಕು. ಸ್ಕಿಜೋಫ್ರೀನಿಯಾವನ್ನು ಹುಟ್ಟಿಸುವ ತಾಯಿ ಎಂಬ ಕ್ರೂರವಾದ ನುಡಿಗಟ್ಟು 1948ರಲ್ಲಿ ಫ್ರೀಡಾ ಫ್ರಾಮ್-ರೈಖ್‌ಮನ್ ಎಂಬ, ಬೇರೆಲ್ಲ ವಿಧದಲ್ಲಿಯೂ ಕರುಣಾಳುವಾಗಿದ್ದ ವೈದ್ಯೆಯ ಲೇಖನಿಯಿಂದ ಹೊರಟು, ಮುಂದಿನ ಮೂರು ದಶಕಗಳ ಕಾಲ ಅಮೆರಿಕದ ಆಸ್ಪತ್ರೆಗಳಲ್ಲಿ ಅನುರಣಿಸಿತು. ಬೇಟ್ಸನ್ನರ ಸುತ್ತಿನ ನ್ಯಾಯದಲ್ಲಿ ಅಪರಾಧಿಗೆ ಸ್ಥಾನವಿಲ್ಲ. ಆದರೂ ಅವರ ಪ್ರಬಂಧದ ದೃಶ್ಯದಲ್ಲಿ ಅಪರಾಧಿಯ ಸ್ಥಾನದಲ್ಲಿ ಕಾಣುವವಳು ತಾಯಿಯೇ. ಮಗನ ಬುದ್ಧಿ ಕೆಟ್ಟ ದುಃಖದಿಂದ ಬೆಂದು ಬಂದ ತಾಯಿಗೆ ಅದಕ್ಕೆ ನೀನೇ ಕಾರಣಳೆಂದು ಬಾಯಿಬಿಟ್ಟೋ ಬಿಡದೆಯೋ ತಿಳಿಸುವುದು ಎಂಥ ಘೋರವೆಂಬುದನ್ನು ಆ ಕಾಲದ ಮೇಧಾವಿಗಳು ಎಣಿಸಲಿಲ್ಲ. ಅದಕ್ಕೆ ಪ್ರಮಾಣವೂ ಇರಲಿಲ್ಲ. 1966ರಲ್ಲಿ ಲಿಯೊನಾರ್ಡ್ ಹೆಸ್ಟನ್ ಎಂಬ ವೈದ್ಯರು, ಆರಿಗನ್ ಪ್ರಾಂತ್ಯದಲ್ಲಿ ಸ್ಕಿಜೋಫ್ರೀನಿಯಾ ಪೀಡಿತ ತಾಯಂದಿರಿಗೆ ಹುಟ್ಟಿ, ಮೂರು ದಿನಗಳೊಳಗೆ ಅವರಿಂದ ಬೇರ್ಪಟ್ಟು ಅನ್ಯರ ಪಾಲನೆಯಲ್ಲಿ ಬೆಳೆದ 47 ಮಂದಿಯನ್ನು ಪರೀಕ್ಷಿಸಿದಾಗ ಐವರಲ್ಲಿ ಆ ರೋಗ ಕಾಣಿಸಿತ್ತು. ಹಾಗೆಯೇ ಬೇರ್ಪಟ್ಟು ಬೆಳೆದ, ಆದರೆ ತಾಯಿಗೆ ರೋಗವಿಲ್ಲದ 50 ಮಂದಿಯಲ್ಲಿ ಒಬ್ಬರಲ್ಲಿಯೂ ಕಾಣಿಸಲಿಲ್ಲ. ತಾಯಿಯ ಸಹವಾಸವೇ ಇಲ್ಲದೆ ಬೆಳೆದವರಲ್ಲಿಯೂ ರೋಗ ಬರುವುದಾದರೆ, ಸಾಕಿದ ಬಗೆಯೇ ಅದಕ್ಕೆ ಮೂಲವೆನ್ನುವ ವಾದ ನಿಲ್ಲುವುದು ಹೇಗೆ? ಡೆನ್ಮಾರ್ಕಿನಲ್ಲಿ ನಡೆದ ಅಧ್ಯಯನಗಳೂ ಇದನ್ನೇ ದೃಢಪಡಿಸಿದುವು. 1979ರಲ್ಲಿ ವಿಸ್ಕಾನ್ಸಿನ್ ಪ್ರಾಂತ್ಯದ ಮ್ಯಾಡಿಸನ್ನಿನಲ್ಲಿ ರೋಗಿಗಳ ಮನೆಯವರು ತಾವೇ ಒಂದು ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು. ದೂಷಣೆಯನ್ನು ಸಹಿಸಿದ್ದು ಸಾಕು ಎಂಬ ನೋವು ಅದರ ಹಿಂದೆ ಇತ್ತು.

ಹೀಗೆ ಮೂಲದ ವಾದ ಬಿದ್ದರೂ ಅದರೊಡನೆ ಆಚರಣೆ ಬೀಳಲಿಲ್ಲ. ರೋಗವು ಮನೆಯಲ್ಲಿ ಹುಟ್ಟುವುದೇ ಎಂಬ ಪ್ರಶ್ನೆ ಬೇರೆ, ಹುಟ್ಟಿದ ರೋಗದೊಡನೆ ಮನೆ ಹೇಗೆ ಬಾಳುತ್ತದೆ ಎಂಬ ಪ್ರಶ್ನೆ ಬೇರೆ. ಮೊದಲನೆಯದಕ್ಕೆ ಉತ್ತರವನ್ನು ಅರಸಿಹೋದವರು ಎರಡನೆಯದರ ಬಾಗಿಲನ್ನು ತೆರೆದರು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞರು 1950ರ ದಶಕದ ಕೊನೆಯಲ್ಲಿ, ಆಸ್ಪತ್ರೆಯಿಂದ ಹೊರಬಂದ ದೀರ್ಘಕಾಲದ ರೋಗಿಗಳಲ್ಲಿ ತಂದೆತಾಯಿಯ ಬಳಿಗೋ ಹೆಂಡತಿಯ ಬಳಿಗೋ ಹೋದವರಿಗಿಂತ ಬಾಡಿಗೆ ಕೋಣೆಗಳಲ್ಲಿ ನೆಲಸಿದವರು ಮೇಲಾಗಿದ್ದುದನ್ನು ಗುರುತಿಸಿದ್ದರು. ಇದರ ಬೆನ್ನುಹತ್ತಿ ನಡೆದ ಅಧ್ಯಯನಗಳು, ಸದಾ ಟೀಕೆ, ಹಗೆತನ, ಅತಿಯಾದ ಕಾಳಜಿಯ ಉಸಿರುಗಟ್ಟಿಸುವಿಕೆ ಇರುವ ಮನೆಗಳಲ್ಲಿ ರೋಗ ಬೇಗ ಮರುಕಳಿಸುವುದೆಂದು ತೋರಿಸಿದುವು. ಇಲ್ಲಿ ಯಾರಿಗೂ ಅಪವಾದವಿಲ್ಲ. ರೋಗದ ಸ್ವರೂಪವನ್ನು ಅರಿಯದವರು ಸಿಡುಕುವುದು ಸಹಜ, ಅರಿತರೆ ತಾಳ್ಮೆ ಬರುತ್ತದೆ. ಮನೆಯವರಿಗೆ ರೋಗವನ್ನು ವಿವರಿಸಿ, ಔಷಧದ ಜೊತೆಗೆ ಮನೆಯ ವಾತಾವರಣವನ್ನೂ ತಿಳಿಗೊಳಿಸುವ ಕ್ರಮವು 1980ರ ದಶಕದಲ್ಲಿ ರೂಪುಗೊಂಡು, ಮರುಕಳಿಕೆಯನ್ನು ಗಣನೀಯವಾಗಿ ತಗ್ಗಿಸಿತು.

ಬೋವೆನ್ನರು ಬೆಥೆಸ್ಡಾದಲ್ಲಿ ಕುಟುಂಬಗಳನ್ನು ವಾರ್ಡಿಗೆ ಸೇರಿಸಿಕೊಂಡ ಆ ದಶಕದಲ್ಲಿಯೇ, ಅಮೃತಸರದ ಮಾನಸಿಕ ಆಸ್ಪತ್ರೆಯ ಮೇಲ್ವಿಚಾರಕರಾಗಿದ್ದ ಡಾ. ವಿದ್ಯಾಸಾಗರ್ ಅವರು ಆಸ್ಪತ್ರೆಯ ಅಂಗಳದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಜೊತೆಯಲ್ಲಿ ಮನೆಯವರೂ ಬಂದು ಇರುವಂತೆ ಏರ್ಪಡಿಸಿದರು. ಅವರ ಮುಂದೆ ಸಿದ್ಧಾಂತವೇನೂ ಇರಲಿಲ್ಲ. ತುಂಬಿತುಳುಕುವ ಆಸ್ಪತ್ರೆ, ಕೆಲವೇ ಸಿಬ್ಬಂದಿ, ಒಮ್ಮೆ ಒಳಬಿಟ್ಟುಹೋದರೆ ಮತ್ತೆ ತಿರುಗಿನೋಡದ ಬಂಧುಗಳು, ಇವು ಅವರ ಮುಂದಿದ್ದ ಕಷ್ಟಗಳು. ಡೇರೆಯಲ್ಲಿದ್ದವರು ರೋಗಿಯ ಆರೈಕೆ ಮಾಡುತ್ತ, ವೈದ್ಯರು ಪುರಾಣ, ಸಂತರ ಕಥೆಗಳ ಮೂಲಕ ಎಲ್ಲರಿಗೂ ಸೇರಿಸಿ ಹೇಳುತ್ತಿದ್ದ ಮಾತುಗಳನ್ನು ಕೇಳುತ್ತ, ಹುಚ್ಚೆಂಬುದರ ಭೀತಿಯನ್ನು ಕಳೆದುಕೊಂಡು, ಗುಣವಾದವನನ್ನು ಕರೆದುಕೊಂಡು ಮನೆಗೆ ಹೋಗುತ್ತಿದ್ದರು. 1957ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ತೆರೆದ ಮಾನಸಿಕ ಆರೋಗ್ಯ ಕೇಂದ್ರದಲ್ಲಿಯೂ ರೋಗಿಯೊಡನೆ ಮನೆಯವರು ಇರುವುದೇ ಪದ್ಧತಿಯಾಯಿತು. ಅಮೆರಿಕದ ಕೆಲವೇ ಮನೆತನಗಳು ಸಂಶೋಧನೆಯ ವಸ್ತುವಾಗಿ ಕಂಡುಕೊಂಡದ್ದನ್ನು ಇಲ್ಲಿ ನೂರಾರು ಮನೆತನಗಳು ನಿತ್ಯದ ಆರೈಕೆಯಾಗಿ ನಡೆಸಿದುವು. ಇದಕ್ಕೆ ಪಶ್ಚಿಮದ ಗ್ರಂಥಗಳಲ್ಲಿ ಸಲ್ಲಬೇಕಾದ ಸ್ಥಾನ ಸಂದಿಲ್ಲವೆಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ, 1954ರಲ್ಲಿ ಅದರ ಆವರಣದಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ, ನಾವೆಲ್ಲ ನಿಮ್ಹಾನ್ಸ್ ಎಂದು ಬಲ್ಲ ಸಂಸ್ಥೆಯಾಯಿತು. ಅಲ್ಲಿ 1977ರಲ್ಲಿ ಕುಟುಂಬ ಮನೋವೈದ್ಯ ಕೇಂದ್ರವೇ ಪ್ರತ್ಯೇಕವಾಗಿ ಹುಟ್ಟಿಕೊಂಡಿತು. ಮನೆಮಂದಿ ಬಂದು ಉಳಿದುಕೊಂಡು ಚಿಕಿತ್ಸೆ ಪಡೆಯುವ ವ್ಯವಸ್ಥೆ ಅಲ್ಲಿದೆ, ಈ ವಿದ್ಯೆಯನ್ನು ಕಲಿಯುವ ತರುಣರಿಗೆ ಅದು ದೇಶದ ಮುಖ್ಯ ಶಿಕ್ಷಣಸ್ಥಾನಗಳಲ್ಲೊಂದು. ಆದರೆ ಪಾಲೋ ಆಲ್ಟೋ, ಫಿಲಡೆಲ್ಫಿಯಾಗಳ ಗ್ರಂಥಗಳು ಕಲ್ಪಿಸಿಕೊಂಡ ಮನೆಯಲ್ಲಿ ಸಾಮಾನ್ಯವಾಗಿ ತಂದೆ, ತಾಯಿ, ಇಬ್ಬರು ಮೂವರು ಮಕ್ಕಳು. ನಮ್ಮಲ್ಲಿ ಅತ್ತೆ ಮಾವಂದಿರು, ಮೈದುನ, ಓರಗಿತ್ತಿ, ಬೇರೆ ಊರಿನಲ್ಲಿದ್ದೂ ಮನೆಯ ನಿರ್ಧಾರಗಳನ್ನು ನಡೆಸುವ ಸೋದರಮಾವ, ಇವರಲ್ಲಿ ಯಾರನ್ನು ಕರೆಯುವುದು, ಯಾರನ್ನು ಬಿಡುವುದು? ಮಕ್ಕಳ ಮೇಲಣ ಅಧಿಕಾರ ತಾಯಿತಂದೆಗಳ ಕೈಯಲ್ಲಿರಬೇಕೆಂದು ಮಿನೂಚಿನ್ನರು ಹೇಳಿದರು. ಅಜ್ಜಿಯ ಮಾತಿಗೆ ತಂದೆಯೇ ಎದುರಾಡದ ಮನೆಯಲ್ಲಿ ಆ ಗೆರೆಯನ್ನು ಎಲ್ಲಿ ಎಳೆಯುವುದು? ತಾನು ತಾನಾಗಿ ನಿಲ್ಲುವುದನ್ನು ಬೋವೆನ್ನರು ಪ್ರೌಢತೆಯ ಲಕ್ಷಣವೆಂದರು. ತಂಗಿಯ ಮದುವೆಯಾಗುವವರೆಗೂ ತನ್ನ ಮದುವೆಯನ್ನು ತಡೆಹಿಡಿದ ಅಣ್ಣನನ್ನು ಆ ಅಳತೆಯಿಂದ ಅಪ್ರೌಢನೆನ್ನಲಾದೀತೆ? ಹಿರಿಯರ ಎದುರು ಬಾಯಿಬಿಡದ ಸೊಸೆಯನ್ನು ಅದೇ ಹಿರಿಯರ ನಡುವೆ ಕೂರಿಸಿ ನಿನ್ನ ಮನಸ್ಸಿನಲ್ಲಿರುವುದನ್ನು ಹೇಳಮ್ಮಾ ಎಂದರೆ, ಆಕೆ ಆ ಹೊತ್ತಿಗೆ ಹೇಳಿದರೂ ಸಂಜೆ ಮರಳಬೇಕಾದದ್ದು ಅದೇ ಮನೆಗೆ. ಇಂಥ ಕುಟುಂಬ ಬಂದಾಗ ಮೊದಲ ದಿನ ಯಾರನ್ನು ಯಾರ ಜೊತೆಯಲ್ಲಿ ಕಾಣಬೇಕು, ಯಾರಿಂದ ಮಾತನ್ನು ಆರಂಭಿಸಬೇಕು, ಯಾವ ಮಾತನ್ನು ಎಲ್ಲರ ಮುಂದೆ ತರಬಾರದು ಎಂಬುದನ್ನು ನಮ್ಮ ಚಿಕಿತ್ಸಕರು ಆ ಗ್ರಂಥಗಳ ನೆರವಿಲ್ಲದೆಯೇ ತೀರ್ಮಾನಿಸಬೇಕಾಗುತ್ತದೆ.